ಕೀಲಿ ಹಿಡಿದವರು



ಜೈಲಿಗೆ ನಮ್ಮ ಜನ ಇಟ್ಟ ಹೆಸರು ಕೃಷ್ಣನ ಜನ್ಮಸ್ಥಾನ. ಗೋಕುಲಾಷ್ಟಮಿಯ ರಾತ್ರಿ ಆ ಕತೆ ಕೇಳುತ್ತಲೇ ನಾವೆಲ್ಲ ನಿದ್ದೆ ಹೋದವರು. ದೇವಕಿ, ವಸುದೇವ, ಬಿದಿರ ಬುಟ್ಟಿ, ದಾರಿ ಬಿಟ್ಟ ಯಮುನೆ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಸೆರೆಮನೆಯ ಬಾಗಿಲಲ್ಲಿ ಕಾವಲುಗಾರರೂ ಇದ್ದರು. ಅವರಿಗೆ ನಿದ್ದೆ ಬಂತು ಎಂದಷ್ಟೇ ಹೇಳಿ ಕತೆ ಮುಂದೆ ಹೋಗುತ್ತದೆ. ಅವರ ಹೆಸರೇನು, ಆ ಕೆಲಸಕ್ಕೆ ಯಾಕೆ ಸೇರಿದ್ದರು, ಬೆಳಿಗ್ಗೆ ಎದ್ದಾಗ ಅವರ ಗತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ನಮ್ಮ ಮನೆಯಲ್ಲೇ ಅಂಥ ಕಾವಲುಗಾರರೊಬ್ಬರು ಇದ್ದರೂ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಇರುವುದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಬಾತೆಲ್ ಎಂಬ ಊರಿನಲ್ಲಿ. ಒಂದು ಯುಗಾದಿಯ ದಿನ ಕನ್ನಡದವರೆಲ್ಲ ಸೇರಿ ಊಟ ಮಾಡುತ್ತಿದ್ದಾಗ ದಾವಣಗೆರೆ ಕಡೆಯ ಗೆಳತಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. ಕೈಯಲ್ಲಿ ಹೋಳಿಗೆಯ ತಟ್ಟೆ ಹಾಗೇ ಇತ್ತು. "ಅಕ್ಕಾ, ನೀವಾದ್ರೂ ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಜೈಲಲ್ಲಿ ಕೆಲಸಕ್ಕೆ ಸೇರ್ತೀನಿ ಅಂತ ಕುಂತಾನೆ. ನಾವು ಇಲ್ಲಿಗೆ ಬಂದು ಇಷ್ಟು ಕಷ್ಟಪಟ್ಟಿದ್ದು ಇದಕ್ಕೇನಾ?" ಎಂದಳು. ಹುಡುಗನಿಗೆ ಇಪ್ಪತ್ಮೂರು ವರ್ಷ. ಕಾಲೇಜು ಮುಗಿಸಿದ್ದ. ಅವನ ಜೊತೆಗೆ ಆಡಿ ಬೆಳೆದವರೆಲ್ಲ ರೆಡ್ಮಂಡ್ ಕಡೆಯ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರುತ್ತಿದ್ದರು. ಇವನು ಕೌಂಟಿ ಜೈಲಿನ, ಎಂದರೆ ಅಲ್ಲಿನ ಜಿಲ್ಲಾ ಜೈಲಿನ, ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದ್ದ.

ಬುದ್ಧಿ ಹೇಳಲು ಹೋದವಳು ನಾನು. ಅದಕ್ಕೆ ಮೊದಲು ನನಗೆ ನಮ್ಮ ಕಾಕಾ ನೆನಪಾದರು.

ಕಾಕಾ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವಾರ್ಡರ್ ಆಗಿದ್ದರು. ಬ್ರಿಟಿಷರ ಕಾಲದ ಜೈಲು ಅದು, ಗಲ್ಲುಗಂಬ ಇರುವ ಜೈಲು. ಉತ್ತರ ಕರ್ನಾಟಕದಲ್ಲಿ ಹಿಂಡಲಗಾ ಎಂದರೆ ಮಕ್ಕಳು ಸುಮ್ಮನಾಗುತ್ತಿದ್ದ ಕಾಲ. ಶಾಲೆಯಲ್ಲಿ ಯಾರಾದರೂ "ನಿಮ್ಮ ಕಾಕಾ ಏನ್ ಮಾಡ್ತಾರ?" ಎಂದು ಕೇಳಿದರೆ "ಸರಕಾರಿ ನೌಕರಿ" ಎಂದು ಹೇಳಬೇಕೆಂದು ಅಜ್ಜಿ ನಮಗೆ ಕಲಿಸಿದ್ದಳು. ಅವರಿಗೆ ಹೆಣ್ಣು ಹುಡುಕುವಾಗ ಎರಡು ಕಡೆ ಮಾತು ಮುರಿದದ್ದು ಆ ನೌಕರಿಯ ಕಾರಣಕ್ಕೇ ಎಂದು ದೊಡ್ಡವರು ಪಿಸುಗುಡುತ್ತಿದ್ದುದು ನೆನಪಿದೆ. ಕಳ್ಳರ ಜೊತೆ ಇರುವವನು ಎಂಬುದು ಆಕ್ಷೇಪ. ಆ ಕೆಲಸಕ್ಕೆ ಯಾಕೆ ಹೋದಿರಿ ಎಂದು ನಾನು ಅವರನ್ನು ಕೇಳಿದ್ದು ಒಂದೇ ಸಲ. "ಕರೆದ್ರು, ಹೋದೆ. ಎಸ್ಸೆಸ್ಸೆಲ್ಸಿ ಆಗಿತ್ತು, ಮಳಿ ಇರಲಿಲ್ಲ, ಹೊಲ ಇದ್ದೂ ಇಲ್ಲದಂಗ ಇತ್ತು" ಎಂದಿದ್ದರು. ಅಷ್ಟೇ ಉತ್ತರ. ಆಗ ನನಗೆ ಅದು ಉತ್ತರವೇ ಅನ್ನಿಸಿರಲಿಲ್ಲ.

ಅಮೆರಿಕದಲ್ಲೂ ಸೆರೆಮನೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಿಯಾಟಲ್ ಸುತ್ತಿನ ಕನ್ನಡದ ಮನೆಗಳವರು ಚಳಿಗಾಲದಲ್ಲಿ ಒಮ್ಮೆಯಾದರೂ ಲೆವನ್‌ವರ್ತ್ ಎಂಬ ಬೆಟ್ಟದೂರಿಗೆ ದೀಪಾಲಂಕಾರ ನೋಡಲು ಹೋಗುತ್ತಾರೆ. ಆ ದಾರಿಯಲ್ಲಿ ಮನ್ರೋ ಎಂಬ ಊರು ಸಿಗುತ್ತದೆ. ಅಲ್ಲಿ ಪೆಟ್ರೋಲು ಹಾಕಿಸುತ್ತೇವೆ, ಕಾಫಿ ಕುಡಿಯುತ್ತೇವೆ, ಮಕ್ಕಳನ್ನು ಬಚ್ಚಲಿಗೆ ಕರೆದುಕೊಂಡು ಹೋಗುತ್ತೇವೆ. ಆ ಊರಿನ ಗುಡ್ಡದ ಮೇಲೆ 1910ರಿಂದ ರಾಜ್ಯದ ಸೆರೆಮನೆಯಿದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಸಿಯಾಟಲ್ ನಗರದ ನಡುವೆ, ಹೆದ್ದಾರಿಗೆ ಅಂಟಿಕೊಂಡೇ ಕಿಂಗ್ ಕೌಂಟಿಯ ಜೈಲಿದೆ. ಆಫೀಸು ಕಟ್ಟಡದ ಹಾಗೇ ಎತ್ತರಕ್ಕೆ ನಿಂತಿದೆ. ಅದರ ಕೆಳಗೆ ದಿನವೂ ಕಾರು ಓಡಿಸಿದರೂ ತಲೆ ಎತ್ತಿ ನೋಡುವುದಿಲ್ಲ. ಅಲ್ಲಿ ಜೈಲು ಬೇರೆ, ಪ್ರಿಸನ್ ಬೇರೆ. ವಿಚಾರಣೆಗೆ ಕಾಯುವವರು, ಒಂದು ವರ್ಷದೊಳಗಿನ ಶಿಕ್ಷೆಯವರು ಕೌಂಟಿಯ ಜೈಲಿನಲ್ಲಿ. ಅದಕ್ಕಿಂತ ದೊಡ್ಡ ಶಿಕ್ಷೆಯವರು ರಾಜ್ಯದ ಪ್ರಿಸನ್‌ನಲ್ಲಿ. ಎರಡೂ ಕಡೆ ಕೆಲಸ ಮಾಡುವವರಿಗೆ ಗಾರ್ಡ್ ಎಂದರೆ ಬೇಸರ. ಕರೆಕ್ಷನ್ಸ್ ಆಫೀಸರ್ ಎನ್ನಬೇಕು. ಕರೆಕ್ಷನ್ ಅಂದರೆ ತಿದ್ದುವುದು. ನಮ್ಮ ಕರ್ನಾಟಕದಲ್ಲೂ ಈಗ ಇಲಾಖೆಯ ಹೆಸರಿನಲ್ಲಿ ಕಾರಾಗೃಹದ ಪಕ್ಕ ಸುಧಾರಣೆ ಎಂಬ ಮಾತು ಸೇರಿಕೊಂಡಿದೆ.

ನಮ್ಮ ಬಾತೆಲ್ ಮನೆಯ ಎದುರು ಸಾಲಿನಲ್ಲಿ ಅಂಥ ಅಧಿಕಾರಿಯೊಬ್ಬರಿದ್ದಾರೆ. ಐವತ್ತು ದಾಟಿದವರು. ನೆರೆಯಾಗಿ ನಾಲ್ಕು ವರ್ಷ ಆಗುವವರೆಗೆ ಅವರ ಕೆಲಸ ಏನೆಂದು ನಮಗೆ ಗೊತ್ತಿರಲಿಲ್ಲ. ಅವರೂ "ಸ್ಟೇಟ್ ಜಾಬ್" ಎನ್ನುತ್ತಿದ್ದರು. ನನ್ನ ಅಜ್ಜಿ ಕಲಿಸಿದ ಮಾತಿನ ಇಂಗ್ಲಿಷ್ ರೂಪ. ಗೊತ್ತಾದದ್ದು ಹೀಗೆ: ನಮ್ಮ ಮನೆಗೆ ಬಂದಾಗಲೆಲ್ಲ ಅವರು ಒಂದು ಬಾಗಿಲು ದಾಟಿದ ಮೇಲೆ ನಿಲ್ಲುತ್ತಿದ್ದರು. ಹಿಂದಿನ ಬಾಗಿಲು ಮುಚ್ಚಿದ ಸದ್ದು ಕಿವಿಗೆ ಬೀಳುವ ತನಕ ಮುಂದಿನ ಬಾಗಿಲಿಗೆ ಕೈ ಹಾಕುತ್ತಿರಲಿಲ್ಲ. ಊಟದ ಮೇಜಿನಲ್ಲಿ ಗೋಡೆಗೆ ಬೆನ್ನು ಕೊಟ್ಟ ಕುರ್ಚಿಯೇ ಬೇಕು. ನನ್ನ ಮಗಳು ಒಮ್ಮೆ ಇದನ್ನು ಕೇಳಿಯೇಬಿಟ್ಟಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಮನ್ರೋ ಸೆರೆಮನೆಯಲ್ಲಿ ಕೆಲಸ ಮಾಡುತ್ತೇನೆ, ಅಲ್ಲಿ ಎರಡು ಬಾಗಿಲು ಒಟ್ಟಿಗೆ ತೆರೆಯುವ ಹಾಗಿಲ್ಲ, ಕೈಗೆ ಅದೇ ಅಭ್ಯಾಸ ಎಂದರು.

ಅವರನ್ನೂ ನಾನು ಕೇಳಿದೆ, ಯಾಕೆ ಸೇರಿದಿರಿ ಎಂದು. ಕಾಕಾ ಕೊಟ್ಟ ಉತ್ತರವೇ ಬೇರೆ ಭಾಷೆಯಲ್ಲಿ ಬಂತು. ಕೆಲಸ ಮಾಡುತ್ತಿದ್ದ ಕಾರ್ಖಾನೆ ಆಳುಗಳನ್ನು ಕಡಿಮೆ ಮಾಡಿತು. ಮನೆಸಾಲ ಇತ್ತು. ಹೆಂಡತಿ ಬಸುರಿ. ಆರೋಗ್ಯ ವಿಮೆ ಇಲ್ಲದೆ ಅಮೆರಿಕದಲ್ಲಿ ಹೆರಿಗೆ ಎಂದರೆ ಏನೆಂದು ಅಲ್ಲಿದ್ದವರಿಗೆ ಗೊತ್ತು. ಹೈಸ್ಕೂಲು ಮುಗಿಸಿದ್ದರೆ ಸಾಕು ಎಂದು ರಾಜ್ಯ ಸರ್ಕಾರ ಆಳು ಕರೆದಿತ್ತು. ಸಂಬಳ, ವಿಮೆ, ಪಿಂಚಣಿ. ಕರೆದರು, ಹೋದರು.

ಇದನ್ನು ನಾನು ಸ್ವಲ್ಪ ನಿಂತು ಹೇಳಬೇಕು. ಈ ಕೆಲಸವನ್ನು ಆರಿಸಿಕೊಳ್ಳುವವರ ಬಗ್ಗೆ ನಾವು ಎರಡು ಬಗೆಯ ಊಹೆ ಮಾಡುತ್ತೇವೆ. ಒಂದು, ಇವರಿಗೆ ಇನ್ನೊಬ್ಬರ ಮೇಲೆ ದರ್ಪ ತೋರಿಸುವ ಚಪಲ ಎಂದು. ಇನ್ನೊಂದು, ಇದೊಂದು ಸೇವೆಯ ಕರೆ ಎಂದು. ನಾನು ಕಂಡಷ್ಟರಲ್ಲಿ ಮೊದಲ ದಿನ ಸೇರುವವರಲ್ಲಿ ಬಹುಪಾಲು ಮಂದಿ ಈ ಎರಡೂ ಅಲ್ಲ. ಅವರು ಸಂಬಳಕ್ಕೆ ಸೇರುತ್ತಾರೆ. ಅದರಲ್ಲಿ ನಾಚಿಕೆಯದೇನೂ ಇಲ್ಲ. ವಾಷಿಂಗ್ಟನ್ ರಾಜ್ಯದ ಸಮುದ್ರದಂಡೆಯ ಅಬರ್ಡೀನ್ ಊರನ್ನು ನೋಡಿ. ಅದು ಮರ ಕಡಿದು, ಮರ ಕೊಯ್ದು ಬದುಕಿದ ಊರು. ಎಂಬತ್ತರ ದಶಕದಲ್ಲೇ ಆ ಉದ್ಯೋಗ ಕುಸಿಯುತ್ತ ಬಂತು. 1990ರಲ್ಲಿ ಅಲ್ಲಿನ ಕಾಡಿನ ಚುಕ್ಕೆಗೂಬೆಗೆ ಅಪಾಯದಂಚಿನ ಜೀವಿ ಎಂದು ಕೇಂದ್ರ ಸರ್ಕಾರದ ರಕ್ಷಣೆ ಸಿಕ್ಕಿದ ಮೇಲೆ ಹಳೆಯ ಕಾಡಿಗೆ ಕೊಡಲಿ ಹಾಕುವುದು ಇನ್ನಷ್ಟು ಕಡಿಮೆಯಾಯಿತು. ಹತ್ತು ವರ್ಷಕ್ಕೆ, 2000ದಲ್ಲಿ, ಅದೇ ಊರಿನ ಹೊರಗೆ ಸ್ಟಾಫರ್ಡ್ ಕ್ರೀಕ್ ಎಂಬ ಸೆರೆಮನೆ ತೆರೆಯಿತು. ಗರಗಸ ಹಿಡಿದ ಮನೆತನಗಳ ಕೈಗೆ ಕೀಲಿಗೊಂಚಲು ಬಂತು. ಅಂಥ ಊರಿನ ಹುಡುಗನಿಗೆ "ಈ ಕೆಲಸ ಯಾಕೆ ಆರಿಸಿಕೊಂಡೆ" ಎಂದು ಕೇಳುವಾಗ ಅವನ ಮುಂದೆ ಇದ್ದ ಬೇರೆ ದಾರಿಗಳನ್ನೂ ಎಣಿಸಬೇಕು.

ಹಾಗಾದರೆ ದರ್ಪದ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. 1971ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಜಿಂಬಾರ್ಡೊ ನಡೆಸಿದ ಪ್ರಯೋಗದ ಬಗ್ಗೆ ಮನಶ್ಶಾಸ್ತ್ರ ಓದಿದವರು ಕೇಳಿರುತ್ತೀರಿ. ಕಾಲೇಜು ಹುಡುಗರನ್ನು ಕರೆಸಿ, ನಾಣ್ಯ ಚಿಮ್ಮಿ, ಕೆಲವರನ್ನು ಕೈದಿಗಳು, ಕೆಲವರನ್ನು ಕಾವಲುಗಾರರು ಎಂದು ಮಾಡಿದರು. ಎರಡು ವಾರ ನಡೆಯಬೇಕಾಗಿದ್ದದ್ದು ಆರೇ ದಿನಕ್ಕೆ ನಿಂತಿತು. ಕಾವಲುಗಾರರಾದ ಹುಡುಗರು ಅಷ್ಟು ಕ್ರೂರವಾಗಿ ನಡೆದುಕೊಂಡಿದ್ದರು. ಯಾರಿಗೇ ಕೀಲಿ ಕೊಟ್ಟರೂ ಹೀಗೇ ಆಗುತ್ತಾರೆ ಎಂದು ಲೋಕವೆಲ್ಲ ನಂಬಿತು. ಆ ಹುಡುಗರಿಗೆ ಕಠಿಣವಾಗಿರಿ ಎಂದು ಮೊದಲೇ ಹೇಳಿಕೊಡಲಾಗಿತ್ತು ಎಂಬ ಟೀಕೆ ಆಮೇಲೆ ಬಂತು. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 2007ರಲ್ಲಿ ಥಾಮಸ್ ಕಾರ್ನಹನ್ ಮತ್ತು ಸ್ಯಾಮ್ ಮೆಕ್‌ಫಾರ್ಲೆಂಡ್ ಎಂಬವರು ಮಾಡಿದ ಒಂದು ಸರಳ ಪರೀಕ್ಷೆ. ಅವರು ಎರಡು ಜಾಹೀರಾತು ಕೊಟ್ಟರು. ಒಂದರಲ್ಲಿ ಮನಶ್ಶಾಸ್ತ್ರದ ಅಧ್ಯಯನಕ್ಕೆ ಜನ ಬೇಕು ಎಂದಿತ್ತು. ಇನ್ನೊಂದರಲ್ಲಿ ಸೆರೆಮನೆಯ ಬದುಕಿನ ಅಧ್ಯಯನಕ್ಕೆ ಎಂದು ಆ ಒಂದು ಮಾತು ಹೆಚ್ಚಿಗೆ ಇತ್ತು. ಸೆರೆಮನೆ ಎಂಬ ಮಾತು ಕಂಡು ಬಂದವರಲ್ಲಿ ಸಿಟ್ಟು, ಅಧಿಕಾರದ ಹಂಬಲ ಹೆಚ್ಚಾಗಿತ್ತು, ಮರುಕ ಕಡಿಮೆಯಿತ್ತು.

ಇದರ ಅರ್ಥ ನನಗೆ ತೋರುವುದು ಇಷ್ಟು. ಕೆಲಸಕ್ಕೆ ಎಂಥವರು ಬರುತ್ತಾರೆ ಎಂಬುದನ್ನು ನಾವು ಆ ಕೆಲಸದ ಬಗ್ಗೆ ಆಡುವ ಮಾತು ನಿರ್ಧರಿಸುತ್ತದೆ. ಸಿನಿಮಾದಲ್ಲಿ ಜೈಲರ್ ಎಂದರೆ ಲಾಠಿ, ಮೀಸೆ, ಬೈಗುಳ. ಮನೆಯಲ್ಲಿ ಜೈಲಿನ ನೌಕರಿ ಎಂದರೆ ಮುಚ್ಚಿಡಬೇಕಾದ ಸಂಗತಿ. ಇಂಥ ಮಾತು ಕೇಳಿ ಬೆಳೆದ ಮೆತ್ತನೆಯ ಮನಸ್ಸಿನ ಹುಡುಗ ಆ ಬಾಗಿಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿಗೆ ಬೇಕಾದವನು ಅವನೇ. ನಾರ್ವೆ ದೇಶದಲ್ಲಿ ಜೈಲು ಅಧಿಕಾರಿಯಾಗಲು ಎರಡು ವರ್ಷ ಓದಬೇಕು. ಕಾನೂನು, ಮನಶ್ಶಾಸ್ತ್ರ, ನೀತಿ ಎಲ್ಲ ಕಲಿಯಬೇಕು. ಕೆಲವು ವರ್ಷಗಳಿಂದ ವಾಷಿಂಗ್ಟನ್ ರಾಜ್ಯವೂ ತನ್ನ ಅಧಿಕಾರಿಗಳನ್ನು ಆ ದಾರಿಗೆ ಪರಿಚಯಿಸುತ್ತಿದೆ. ಕೈದಿಯ ಜೊತೆ ಕೂತು ಮಾತಾಡುವುದು, ಇಸ್ಪೀಟು ಆಡುವುದು, ನಡೆದಾಡುವುದೂ ಕಾವಲೇ ಎಂಬ ಪಾಠ ಅದು. ಹಳಬರಿಗೆ ಇದು ಒಗ್ಗುವುದಿಲ್ಲ ಎಂದು ನಮ್ಮ ನೆರೆಯವರು ಹೇಳಿದರು. ಒಗ್ಗಿದವರಿಗೆ ರಾತ್ರಿ ನಿದ್ದೆ ಬರುತ್ತದೆ ಎಂದೂ ಹೇಳಿದರು.

ಸಂಬಳಕ್ಕೆ ಸೇರಿದವರು ಸಂಬಳಕ್ಕೇ ಉಳಿಯುವುದಿಲ್ಲ. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಆಯ್ಕೆ ನಡೆಯುವುದು ಅರ್ಜಿ ಹಾಕುವ ದಿನ ಅಲ್ಲ. ಎರಡೋ ಮೂರೋ ವರ್ಷ ಕಳೆದು, ಆ ಜಾಗದ ವಾಸನೆ ಮೈಗೆ ಹತ್ತಿದ ಮೇಲೆ, ಬಿಟ್ಟುಹೋಗಬಹುದಾದ ಒಂದು ಬೆಳಿಗ್ಗೆ ಬಿಟ್ಟುಹೋಗದೆ ಮತ್ತೆ ಬೂಟು ಹಾಕಿಕೊಳ್ಳುತ್ತಾರಲ್ಲ, ಆಯ್ಕೆ ಆಗುವುದು ಆಗ.

ಡ್ಯಾನ್ ಪಚೋಲ್ಕಿ ಎಂಬವರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ. 1982ರಲ್ಲಿ ಅವರು ಮೆಕ್‌ನೀಲ್ ದ್ವೀಪದ ಸೆರೆಮನೆಯಲ್ಲಿ ಸಾಮಾನ್ಯ ಅಧಿಕಾರಿಯಾಗಿ ಸೇರಿದರು. ಸಿಯಾಟಲ್‌ನ ದಕ್ಷಿಣಕ್ಕೆ, ಸಮುದ್ರ ಒಳನುಗ್ಗಿದ ಕೊಲ್ಲಿಯ ನಡುವೆ ಇರುವ ನಡುಗಡ್ಡೆ ಅದು. 1875ರಿಂದ ಅಲ್ಲಿ ಕೇಂದ್ರ ಸರ್ಕಾರದ ಸೆರೆಮನೆ ಇತ್ತು, 1981ರಲ್ಲಿ ರಾಜ್ಯಕ್ಕೆ ಬಂತು, 2011ರಲ್ಲಿ ಮುಚ್ಚಿತು. ದೋಣಿಯಿಲ್ಲದೆ ಹೋಗುವಂತಿಲ್ಲ. ಕೈದಿಗಳ ಜೊತೆಗೆ ಅಧಿಕಾರಿಗಳ ಮನೆಗಳೂ ಅದೇ ದ್ವೀಪದಲ್ಲಿ ಇದ್ದವು. ಅವರ ಮಕ್ಕಳು ಅಲ್ಲೇ ಆಡಿ, ಓದಿ ಬೆಳೆದರು. ಕಾಯುವವನೂ ಅರ್ಧ ಕೈದಿಯೇ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಕಸುಬಿನಲ್ಲಿ ಒಂದು ಮಾತಿದೆಯಂತೆ: ನಾವೂ ಜೀವಾವಧಿ ಶಿಕ್ಷೆಯನ್ನೇ ಅನುಭವಿಸುತ್ತೇವೆ, ಎಂಟೆಂಟು ಗಂಟೆಯ ಕಂತಿನಲ್ಲಿ.

ಪಚೋಲ್ಕಿ ಮೇಲೇರುತ್ತ ಸೀಡರ್ ಕ್ರೀಕ್ ಎಂಬ, ಕಾಡಿನ ನಡುವಿನ ಸಣ್ಣ ಸೆರೆಮನೆಯ ಮುಖ್ಯಸ್ಥರಾದರು. ಅಲ್ಲಿಗೆ ನಳಿನಿ ನಾಡಕರ್ಣಿ ಬಂದರು. ಆಕೆಯ ತಂದೆ ಭಾರತದವರು. ಆಕೆ ಮರದ ತುದಿಯ ಜೀವಲೋಕವನ್ನು ಅಧ್ಯಯನ ಮಾಡಿ ಹೆಸರಾದ ವಿಜ್ಞಾನಿ, ಆಗ ಒಲಿಂಪಿಯಾ ನಗರದ ಎವರ್‌ಗ್ರೀನ್ ಕಾಲೇಜಿನಲ್ಲಿದ್ದರು. ಹೂವಿನಂಗಡಿಗಳಿಗಾಗಿ ಜನ ಹಳೆಯ ಕಾಡಿನ ಮರಗಳ ಹಾವಸೆಯನ್ನು ಕಿತ್ತು ಮಾರುತ್ತಿದ್ದರು. ಒಮ್ಮೆ ಕಿತ್ತರೆ ಮತ್ತೆ ಬೆಳೆಯಲು ಹತ್ತಾರು ವರ್ಷ. ಅದನ್ನು ಬೆಳೆಸಲು ಕಲಿಯಬೇಕು, ಅದಕ್ಕೆ ಹೊತ್ತು ಇರುವವರು ಬೇಕು, ತಾಳ್ಮೆ ಬೇಕು. ನಾಡಕರ್ಣಿ ಕೈದಿಗಳನ್ನು ಕೇಳಿದರು. ಪಚೋಲ್ಕಿ ಬಾಗಿಲು ತೆರೆದರು. ಹಾವಸೆಯಿಂದ ಶುರುವಾದದ್ದು ಗೊಬ್ಬರ, ಜೇನು, ತರಕಾರಿ ಎಂದು ಹಬ್ಬಿತು. 2009ರಿಂದ ಅಲ್ಲಿನ ಕೈದಿಗಳು ಅಳಿವಿನಂಚಿನ ಒರೆಗಾನ್ ಚುಕ್ಕೆಗಪ್ಪೆಯನ್ನು ಮೊಟ್ಟೆಯಿಂದ ಸಾಕಿ, ದೊಡ್ಡದು ಮಾಡಿ, ಸೈನ್ಯದ ನೆಲೆಯ ಜೌಗು ನೆಲಕ್ಕೆ ಬಿಡಲು ಕೊಟ್ಟರು. ನೀರು ಬದಲಿಸಲು, ಮರಿಗಳಿಗೆ ಆಹಾರ ಹಾಕಲು ಕೈದಿಗಳು ಹೊತ್ತಿಗೆ ಸರಿಯಾಗಿ ಬೀಗದಾಚೆ ಹೋಗಬೇಕಿತ್ತು. ಆ ಬೀಗ ತೆಗೆಯುವ ಕೈ ಒಬ್ಬ ಅಧಿಕಾರಿಯದು. ಕಪ್ಪೆ ನೋಡಿಕೊಳ್ಳುವುದು ನನ್ನ ಕೆಲಸವಲ್ಲ ಎಂದು ಅವನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಪಚೋಲ್ಕಿ ಕೊನೆಗೆ ಇಡೀ ಇಲಾಖೆಯ ಕಾರ್ಯದರ್ಶಿಯಾದರು. ಅಲ್ಲಿ ಅವರು ಬಹಳ ದಿನ ಇರಲಿಲ್ಲ. ಶಿಕ್ಷೆಯ ದಿನ ಎಣಿಸುವ ಕಂಪ್ಯೂಟರ್ ಪ್ರೋಗ್ರಾಮಿನ ತಪ್ಪಿನಿಂದ 2002ರಿಂದ ಸಾವಿರಾರು ಕೈದಿಗಳು ಅವಧಿಗೆ ಮೊದಲೇ ಬಿಡುಗಡೆಯಾಗಿದ್ದರು. 2012ರಲ್ಲೇ ಆ ತಪ್ಪು ಇಲಾಖೆಗೆ ಗೊತ್ತಾಗಿದ್ದರೂ ತಿದ್ದುವುದನ್ನು ಮುಂದೂಡುತ್ತ ಬಂದಿದ್ದರು. ಹಾಗೆ ಬೇಗ ಹೊರಬಂದವರಿಂದ ಇಬ್ಬರು ಪ್ರಾಣ ಕಳೆದುಕೊಂಡರು. 2015ರ ಕೊನೆಗೆ ಎಲ್ಲ ಬಯಲಾಯಿತು, 2016ರಲ್ಲಿ ಪಚೋಲ್ಕಿ ರಾಜೀನಾಮೆ ಕೊಟ್ಟರು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಕನ್ನಡದ ಹುಡುಗರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಮೇಜಿನ ಮುಂದೆ ಕೂತು ಬರೆಯುವ ಒಂದು ಸಾಲಿನಲ್ಲೂ ಜೈಲಿನ ಕೀಲಿ ಇರಬಹುದು.

ಇನ್ನು ಅಪಾಯದ ಮಾತು. ಅದನ್ನು ಬಿಟ್ಟು ಈ ಕೆಲಸದ ಬಗ್ಗೆ ಮಾತಾಡಿದರೆ ಅದು ಅಪ್ರಾಮಾಣಿಕತನ.

2011ರ ಜನವರಿ 29, ಶನಿವಾರ. ಮನ್ರೋ ಸೆರೆಮನೆಯ ಪ್ರಾರ್ಥನಾ ಮಂದಿರದಲ್ಲಿ ಸಂಜೆಯ ಪಾಳಿ ಜೇಮಿ ಬೀಂಡಲ್ ಎಂಬ ಅಧಿಕಾರಿಯದು. ವಯಸ್ಸು 34. 2002ರಿಂದ ಆ ಕೆಲಸದಲ್ಲಿದ್ದವರು. ಆ ಮಂದಿರದಲ್ಲಿ ಅವರು ಒಬ್ಬರೇ. ಹಾಗೆ ಒಬ್ಬರೇ ಇರುವುದು ಕ್ಷೇಮವಲ್ಲ ಎಂದು ಅವರು ಮೊದಲೇ ಹೇಳಿದ್ದರು. ಪಾಳಿ ಮುಗಿಯಿತು. ಜೊತೆಯವರೆಲ್ಲ ಕೀಲಿ, ರೇಡಿಯೋ ಒಪ್ಪಿಸಿ ಮನೆಗೆ ಹೊರಟರು. ಬೀಂಡಲ್ ಅವರ ಕೀಲಿ, ರೇಡಿಯೋ ಬಂದಿರಲಿಲ್ಲ. ಹುಡುಕಿಕೊಂಡು ಹೋದಾಗ ಅವರು ಮಂದಿರದ ವೇದಿಕೆಯ ಬಳಿ ಸತ್ತು ಬಿದ್ದಿದ್ದರು. ಜೀವಾವಧಿ ಶಿಕ್ಷೆಯ ಕೈದಿಯೊಬ್ಬ ಕತ್ತು ಬಿಗಿದು ಕೊಂದಿದ್ದ. ಆ ವರ್ಷವೇ ರಾಜ್ಯದ ಶಾಸನಸಭೆ ಸೆರೆಮನೆ ಸಿಬ್ಬಂದಿಯ ರಕ್ಷಣೆಗಾಗಿ ಕಾನೂನು ತಂದಿತು. ಪ್ರತಿ ಸೆರೆಮನೆಯಲ್ಲೂ ಸಿಬ್ಬಂದಿಯೇ ಕೂತು ಭದ್ರತೆಯ ಲೋಪಗಳನ್ನು ಹೇಳುವ ಸಮಿತಿಗಳಾದವು.

ಕೊಂದವನಿಗೆ 2013ರಲ್ಲಿ ಮರಣದಂಡನೆ ವಿಧಿಸಲಾಯಿತು. 2018ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು, ಮರಣದಂಡನೆಯನ್ನು ಮನಬಂದಂತೆ, ಜನಾಂಗದ ಭೇದ ಮಾಡಿ ಕೊಡಲಾಗುತ್ತಿದೆ ಎಂದು ಹೇಳಿ ಅದನ್ನು ತೆಗೆದುಹಾಕಿತು. ಉಳಿದ ಎಲ್ಲರಂತೆ ಅವನ ಶಿಕ್ಷೆಯೂ ಬಿಡುಗಡೆಯಿಲ್ಲದ ಜೀವಾವಧಿಗೆ ಇಳಿಯಿತು. ಆ ತೀರ್ಪು ಸರಿ ಎಂದೇ ನನ್ನ ಎಣಿಕೆ. ಆದರೆ ತೀರ್ಪಿನ ಮರುದಿನ ಬೆಳಿಗ್ಗೆಯೂ ಅವನ ಕೋಣೆಯ ಕಿಂಡಿಯಲ್ಲಿ ತಿಂಡಿಯ ತಟ್ಟೆ ಒಳಗೆ ಸರಿಸಿದ ಕೈ ಬೀಂಡಲ್ ಹಾಕಿಕೊಳ್ಳುತ್ತಿದ್ದ ಸಮವಸ್ತ್ರದ್ದೇ. ಅವನಿಗೆ ಹಲ್ಲುನೋವು ಬಂದರೆ ವೈದ್ಯರ ಬಳಿಗೆ ಕರೆದೊಯ್ಯಬೇಕಾದವರೂ ಅದೇ ಇಲಾಖೆಯವರೇ. ಇದನ್ನು ಮಾಡಿ, ಸಂಜೆ ಮನೆಗೆ ಬಂದು ಮಕ್ಕಳ ಜೊತೆ ಊಟಕ್ಕೆ ಕೂರುವುದು ಎಂಥ ಕೆಲಸ ಎಂದು ಯೋಚಿಸಿದಾಗಲೆಲ್ಲ ನನಗೆ ಮಾತು ನಿಂತುಹೋಗುತ್ತದೆ.

ಮೈಗೆ ಪೆಟ್ಟಾಗದಿದ್ದರೂ ಮನಸ್ಸಿಗೆ ಆಗುತ್ತದೆ. 2018ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಲೋಯಿಸ್ ಜೇಮ್ಸ್ ಮತ್ತು ಅವರ ಸಹೋದ್ಯೋಗಿ ಇದೇ ರಾಜ್ಯದ 355 ಸೆರೆಮನೆ ನೌಕರರನ್ನು ವಿಚಾರಿಸಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 19 ಮಂದಿಯಲ್ಲಿ ಯುದ್ಧದಿಂದ ಮರಳಿದ ಸೈನಿಕರನ್ನು ಕಾಡುವ ಆಘಾತದ ಕಾಯಿಲೆಯ ಲಕ್ಷಣಗಳಿದ್ದವು. ಕೋವಿಡ್ ನಂತರ ಆಳುಗಳ ಕೊರತೆ ಸೇರಿಕೊಂಡಿತು. ಒಂದು ಪಾಳಿ ಮುಗಿಸಿದವರನ್ನು ಇನ್ನೊಂದು ಪಾಳಿಗೆ ನಿಲ್ಲಿಸುವುದು ಅಲ್ಲಿನ ಜೈಲುಗಳಲ್ಲಿ ಮಾಮೂಲಾಯಿತು. ನಮ್ಮ ನೆರೆಯವರು ಬೆಳಿಗ್ಗೆ ಮನೆಗೆ ಬಂದು, ಕಾರಿನಿಂದ ಇಳಿಯದೆ, ಅರ್ಧ ಗಂಟೆ ಸ್ಟಿಯರಿಂಗ್ ಹಿಡಿದೇ ಕೂತಿರುವುದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಮೊದಲ ಸಲ ಓಡಿ ಹೋಗಿ ಏನಾಯಿತು ಎಂದು ಕೇಳಿದೆ. ಏನಿಲ್ಲ, ಒಳಗಿನದನ್ನು ಇಲ್ಲೇ ಇಳಿಸಿ ಮನೆಗೆ ಹೋಗುತ್ತೇನೆ ಎಂದರು.

ದಾವಣಗೆರೆಯ ಹುಡುಗನಿಗೆ ಬುದ್ಧಿ ಹೇಳಲು ಹೋದಾಗ ಇದನ್ನೆಲ್ಲ ಮುಂದಿಟ್ಟೆ. ಅವನು ಶಾಂತವಾಗಿ ಕೇಳಿದ. ಆಮೇಲೆ "ಆಂಟಿ, ನನ್ನ ಫ್ರೆಂಡ್ ಒಬ್ಬ ಜೈಲಲ್ಲಿ ಇದ್ದ, ಅಮ್ಮಂಗೆ ಗೊತ್ತಿಲ್ಲ" ಎಂದ.

ಅವನ ಸಹಪಾಠಿಗೆ ಮನಸ್ಸಿನ ಕಾಯಿಲೆ. ಯಾವುದೋ ಅಂಗಡಿಯಲ್ಲಿ ಗಲಾಟೆ ಮಾಡಿ ಕೌಂಟಿ ಜೈಲು ಸೇರಿದ್ದ. ಕೇಸು ನಡೆಸುವಷ್ಟು ಮನಸ್ಸು ಸ್ಥಿಮಿತದಲ್ಲಿ ಇದೆಯೇ ಎಂದು ವೈದ್ಯರು ನೋಡಬೇಕು, ಅಲ್ಲಿಯವರೆಗೆ ಜೈಲು. ವಾಷಿಂಗ್ಟನ್ ರಾಜ್ಯದಲ್ಲಿ ಇದು ದೊಡ್ಡ ಗಾಯ. ಹೀಗೆ ವಾರಗಟ್ಟಲೆ ಕಾಯಿಸುವುದು ಸಂವಿಧಾನಕ್ಕೆ ವಿರುದ್ಧ, ಏಳು ದಿನದೊಳಗೆ ಪರೀಕ್ಷೆಯಾಗಬೇಕು, ಚಿಕಿತ್ಸೆ ಶುರುವಾಗಬೇಕು ಎಂದು 2015ರಲ್ಲಿ ಸಿಯಾಟಲ್‌ನ ಕೇಂದ್ರ ನ್ಯಾಯಾಧೀಶೆ ಮಾರ್ಷಾ ಪೆಕ್ಮನ್ ಆದೇಶ ಕೊಟ್ಟರು. ಟ್ರೂಬ್ಲಡ್ ಕೇಸು ಎಂದು ಅದು ಪ್ರಸಿದ್ಧ. ಆ ಆದೇಶದ ಮೇಲೆ ವರ್ಷಗಟ್ಟಲೆ ಜಗ್ಗಾಟ ನಡೆಯಿತು, ದಂಡ ಬಿತ್ತು, ಕಾಯುವ ಸಾಲು ಬೇಗ ಕರಗಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲದೆ ಜೈಲಿನಲ್ಲಿ ಮಲಗಿದವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ದಾದಿಯರಲ್ಲ, ಕೆಲವೇ ವಾರಗಳ ತರಬೇತಿ ಪಡೆದ ಅಧಿಕಾರಿಗಳು.

"ಅವನಿಗೆ ಅಲ್ಲಿನದು ಏನೂ ಸರಿಯಾಗಿ ನೆನಪಿಲ್ಲ ಆಂಟಿ. ಲೈಟು ಯಾವಾಗಲೂ ಉರೀತಿತ್ತಂತೆ. ಗಡಿಯಾರ ಇಲ್ಲ. ಹಗಲೋ ರಾತ್ರಿಯೋ ಗೊತ್ತಾಗದೆ ತಲೆ ಕೆಡ್ತಿತ್ತಂತೆ. ಒಬ್ಬ ಆಫೀಸರ್ ಮಾತ್ರ ಆ ಕಡೆಯಿಂದ ಹೋಗುವಾಗಲೆಲ್ಲ ಕಿಂಡಿ ಹತ್ರ ನಿಂತು ಟೈಮ್ ಹೇಳಿ ಹೋಗ್ತಿದ್ರಂತೆ. ಈಗ ಎರಡೂ ಕಾಲು, ಮಧ್ಯಾಹ್ನ. ಈಗ ಮೂರು, ಬೆಳಗಿನ ಜಾವ. ಇವನು ಕೇಳದಿದ್ರೂನೂ. ಅದನ್ನ ಹಿಡ್ಕೊಂಡೇ ಉಳಿದೆ ಅಂತಾನೆ." ಸ್ವಲ್ಪ ತಡೆದು ಹೇಳಿದ: "ಟೈಮ್ ಹೇಳೋಕೆ ನನಗೂ ಬರುತ್ತೆ ಅನ್ನಿಸ್ತು."

ಇದಕ್ಕೆ ನಾನು ಏನು ಬುದ್ಧಿ ಹೇಳಲಿ?

ನೆಲ್ಸನ್ ಮಂಡೇಲಾ ಅವರನ್ನು ಕಾಯುತ್ತಿದ್ದ ಕ್ರಿಸ್ಟೋ ಬ್ರಾಂಡ್ ಎಂಬ ಬಿಳಿಯ ಹುಡುಗನ ಕತೆ ಆಗ ನನಗೆ ನೆನಪಾಯಿತು. ದಕ್ಷಿಣ ಆಫ್ರಿಕದಲ್ಲಿ ಆಗ ಬಿಳಿಯ ಯುವಕರಿಗೆ ಸೈನ್ಯ ಕಡ್ಡಾಯ. ಬಂದೂಕು ಹಿಡಿಯುವ ಸೈನ್ಯವೂ ಬೇಡ, ಪೊಲೀಸೂ ಬೇಡ ಎಂದು ಅವನು ಜೈಲಿನ ಕೆಲಸ ಆರಿಸಿಕೊಂಡ. 1978ರಲ್ಲಿ ರಾಬೆನ್ ದ್ವೀಪಕ್ಕೆ ಹೋದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಂಡೇಲಾ ಯಾರೆಂದೂ ಗೊತ್ತಿರಲಿಲ್ಲ. ದಿನಗಳು ಹೋಗುತ್ತ ಅವರಿಬ್ಬರ ನಡುವೆ ಸ್ನೇಹ ಬೆಳೆಯಿತು, ಮಂಡೇಲಾ ಅಧ್ಯಕ್ಷರಾದ ಮೇಲೂ ಉಳಿಯಿತು. 2015ರಲ್ಲಿ ವಿಶ್ವಸಂಸ್ಥೆ ಕೈದಿಗಳ ವಿಷಯದಲ್ಲಿ ನಡೆದುಕೊಳ್ಳುವ ನಿಯಮಗಳನ್ನು ಪರಿಷ್ಕರಿಸಿ ಮಂಡೇಲಾ ಹೆಸರನ್ನೇ ಇಟ್ಟಿತು. ಅದರ 74ನೆಯ ನಿಯಮ ಕೈದಿಗಳ ಬಗ್ಗೆ ಅಲ್ಲ, ಕಾಯುವವರ ಬಗ್ಗೆ. ಇದು ಮಹತ್ವದ ಸಮಾಜಸೇವೆ ಎಂಬ ನಂಬಿಕೆಯನ್ನು ಸಿಬ್ಬಂದಿಯ ಮನಸ್ಸಿನಲ್ಲಿ ಮಾತ್ರವಲ್ಲ, ಜನರ ಮನಸ್ಸಿನಲ್ಲೂ ಮೂಡಿಸಬೇಕು ಎನ್ನುತ್ತದೆ ಅದು. ಜನರೆಂದರೆ ನಾವು. ಸರಕಾರಿ ನೌಕರಿ ಎಂದು ಹೇಳು ಎಂದು ಕಲಿಸಿದ ಅಜ್ಜಿ, ಹಾಗೇ ಹೇಳಿದ ನಾನು.

ಗೆಳತಿಗೆ ನಾನು ಫೋನ್ ಮಾಡಿದೆ. "ಮಗನಿಗೆ ಬುದ್ಧಿ ಹೇಳಿದ್ರಾ?" ಎಂದು ಕೇಳಿದಳು. "ಅವನು ನಿನಗೆ ಹೇಳಬೇಕಾದ್ದು ಒಂದಿದೆ, ಕೂರಿಸಿಕೊಂಡು ಕೇಳು" ಎಂದೆ. ಅವಳು ಅವತ್ತು ಸಿಟ್ಟು ಮಾಡಿಕೊಂಡಳು. ಹುಡುಗ ಈಗ ಸಿಯಾಟಲ್ ಬಳಿಯ ಬ್ಯೂರಿಯನ್ ಊರಿನ ಕೇಂದ್ರದಲ್ಲಿ ತರಬೇತಿ ಮುಗಿಸಿ ರಾತ್ರಿ ಪಾಳಿಯಲ್ಲಿದ್ದಾನೆ. ಅವನು ಮನೆಗೆ ಬರುವ ಹೊತ್ತಿಗೆ ಅವಳು ಎದ್ದು ಬಿಸಿ ರೊಟ್ಟಿ ಮಾಡುತ್ತಾಳೆ. ಮೊದಲೆಲ್ಲ ಏನೂ ಕೇಳುತ್ತಿರಲಿಲ್ಲವಂತೆ. ಈಗ "ಇವತ್ತು ಹೆಂಗಿತ್ತು?" ಎಂದು ಕೇಳುತ್ತಾಳಂತೆ.

ಕಾಕಾನ ಬಗ್ಗೆ ಇನ್ನೊಂದು ಸಂಗತಿ ಉಳಿದಿದೆ. ಬೇಸಿಗೆ ರಜೆಯಲ್ಲಿ ನಾವು ಅಣ್ಣತಮ್ಮಂದಿರ ಮಕ್ಕಳು ಒಂಬತ್ತು ಮಂದಿ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಕಾಕಾ ರಜೆಗೆ ಬಂದಿದ್ದರೆ ರಾತ್ರಿ ಟಾರ್ಚು ಹಿಡಿದು ಮೇಲೆ ಬರುತ್ತಿದ್ದರು. ಒಬ್ಬೊಬ್ಬರ ತಲೆಯ ಹತ್ತಿರ ನಿಂತು ಎಣಿಸುತ್ತಿದ್ದರು. ಒಂದೇ ಸಲವಲ್ಲ, ಎರಡು ಸಲ. ಕಣ್ಣು ಮುಚ್ಚಿಕೊಂಡೇ ಎಚ್ಚರಿದ್ದ ನಮಗೆ ನಗು ತಡೆಯುತ್ತಿರಲಿಲ್ಲ. ಕಾಕಾಗ ನಾವೂ ಕೈದಿಗಳೇ ಎಂದು ಬೆಳಿಗ್ಗೆ ಅಣಕಿಸುತ್ತಿದ್ದೆವು. ಅವರು ನಗುತ್ತಿದ್ದರು, ಏನೂ ಹೇಳುತ್ತಿರಲಿಲ್ಲ.

ನಮ್ಮ ನೆರೆಯವರನ್ನು ಕಳೆದ ವರ್ಷ ಕೇಳಿದೆ: ಇನ್ನೂ ಯಾಕೆ ಬಿಡಲಿಲ್ಲ, ಸಾಲ ತೀರಿತು, ಮಗಳು ದೊಡ್ಡವಳಾದಳು. ಅವರು ರಾತ್ರಿಯ ಎಣಿಕೆಯ ಬಗ್ಗೆ ಹೇಳಿದರು. ಕಂಬಳಿ ಕಂಡರೆ ಎಣಿಸುವಂತಿಲ್ಲ. ಕಂಬಳಿಯ ಕೆಳಗೆ ಬಟ್ಟೆಯ ಗಂಟೂ ಇರಬಹುದು, ಉಸಿರು ನಿಲ್ಲಿಸಿಕೊಂಡವನೂ ಇರಬಹುದು. ಚರ್ಮ ಕಾಣಬೇಕು, ಎದೆ ಏರಿ ಇಳಿಯುವುದು ಕಾಣಬೇಕು. ಒಬ್ಬೊಬ್ಬನ ಕಿಂಡಿಯ ಮುಂದೆ ಟಾರ್ಚಿನ ಬೆಳಕನ್ನು ಮುಖಕ್ಕೆ ಬಿಡದೆ ಛಾವಣಿಗೆ ತಾಗಿಸಿ, ಕಂಬಳಿ ಏಳುವ ತನಕ ನಿಲ್ಲುತ್ತೇನೆ, ಒಂದು ಎಂದುಕೊಳ್ಳುತ್ತೇನೆ, ಮುಂದಿನವನ ಹತ್ತಿರ ಹೋಗುತ್ತೇನೆ ಎಂದರು. ಕೆಲವರು ಬಹಳ ನಿಧಾನ ಉಸಿರಾಡುತ್ತಾರೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ ಎಂದರು.

ಧಾರವಾಡದಲ್ಲಿ ಈಗ ಬೆಳಿಗ್ಗೆ. ಮನ್ರೋದಲ್ಲಿ ಇನ್ನೂ ನಿನ್ನೆಯ ರಾತ್ರಿ. ನಮ್ಮ ನೆರೆಯವರು ಟಾರ್ಚು ತೆಗೆದುಕೊಳ್ಳುವ ಹೊತ್ತು.